ಸಣ್ಣ ಕಣ್ಣಿನ ಹುಲ್ಲುಬಲೆ ಮತ್ತು ಕೀಲಿನ ಪುಡಿ: ಮೂರನೆಯ ವರ್ಷದ ಅಭಿಪ್ರಾಯ

ಕುಣಿಗಲ್ ತಾಲ್ಲೂಕಿನ ನಮ್ಮ ತೋಟದಲ್ಲಿರುವ, ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಹೆಣ್ಣುಕುದುರೆಗೆ ಮೇವು ತುಂಬಿಡುವ ನೈಲಾನಿನ ಸಣ್ಣ ಕಣ್ಣಿನ ಹುಲ್ಲುಬಲೆಯನ್ನೂ, ಗ್ಲುಕೋಸಮೈನ್ (ಮೃದ್ವಸ್ಥಿಯಲ್ಲಿರುವ ಒಂದು ಸಕ್ಕರೆಯಂಶ), ಎಂಎಸ್‌ಎಂ ಎಂಬ ಗಂಧಕದ ಸಂಯುಕ್ತ ಮತ್ತು ಶಲ್ಲಕಿ ಮರದ ಅಂಟು ಬೆರೆಸಿದ ಕೀಲಿನ ಪುಡಿಯನ್ನೂ ಬಳಸಲಾರಂಭಿಸಿ ಈಗ ಮೂರನೆಯ ವರ್ಷ ನಡೆಯುತ್ತಿದೆ. ಅದರ ಮುಂಗಾಲಿನಲ್ಲಿ, ಗೊರಸಿನ ಮೇಲಿನ ಗಿಣ್ಣು ಸವೆದಿರುವುದು ಎಕ್ಸ್‌ರೇಯಲ್ಲಿ ಕಂಡಿತ್ತು. ನೋವಿನ ಮಾತ್ರೆಯನ್ನು ಕೆಲವು ದಿನ ಕೊಡಬಹುದೇ ಹೊರತು ಕಾಯಂ ಮಾಡಿದರೆ ಹೊಟ್ಟೆಯಲ್ಲಿ ಹುಣ್ಣಾಗುವ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಅಪಾಯವಿದೆ ಎಂದು ಪಶುವೈದ್ಯರು ಹೇಳಿದ ಮೇಲೆ ಮೇವು ಮತ್ತು ಓಡಾಟದ ದಾರಿಯನ್ನೇ ಹಿಡಿಯಬೇಕಾಯಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಬಲೆಯನ್ನು ಮತ್ತೆ ಮತ್ತೆ ಕೊಳ್ಳುತ್ತೇನೆ, ಪುಡಿಯನ್ನು ನಿಲ್ಲಿಸಿದ್ದೇನೆ.

ಬಲೆ ಏಕೆ ಬೇಕೆಂಬುದು ಕುದುರೆಯ ಹೊಟ್ಟೆಯನ್ನು ತಿಳಿದವರಿಗೆ ಹೊಸ ವಿಷಯವಲ್ಲ. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಬಹಳ ಚಿಕ್ಕದು. ಮೇವು ಇರಲಿ ಇಲ್ಲದಿರಲಿ ಅಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ, ಆದರೆ ಆ ಆಮ್ಲವನ್ನು ಶಮನಗೊಳಿಸುವ ಜೊಲ್ಲು ಅಗಿಯುವಾಗ ಮಾತ್ರ ಒಸರುತ್ತದೆ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚು ಪಾಲನ್ನು ಮೇಯುತ್ತ, ಹೆಜ್ಜೆ ಹೆಜ್ಜೆಗೆ ಜಾಗ ಬದಲಿಸುತ್ತ ಕಳೆಯುತ್ತದೆ. ಲಾಯದಲ್ಲಿ ಎರಡು ಹೊತ್ತು ಮೇವು ಸುರಿದರೆ ಅದೇ ಕುದುರೆ ಬೇಗನೆ ತಿಂದು ಮುಗಿಸಿ, ಉಳಿದ ಹೊತ್ತನ್ನು ಖಾಲಿ ಹೊಟ್ಟೆಯಲ್ಲಿ ನಿಂತೇ ಕಳೆಯಬೇಕಾಗುತ್ತದೆ. ಸುಮಾರು 4 ಸೆಂಟಿಮೀಟರ್ ಕಣ್ಣಿನ ಬಲೆಯಿಂದ ಹುಲ್ಲನ್ನು ಎಸಳೆಸಳಾಗಿ ಎಳೆದುಕೊಳ್ಳಬೇಕಾದ್ದರಿಂದ, ಸಂಜೆ ಕಟ್ಟಿದ ಮೇವು ನಮ್ಮಲ್ಲಿ ಬೆಳಗಿನ ಜಾವದವರೆಗೂ ಉಳಿಯುತ್ತದೆ. ಲಾಯದ ಮರದ ಅಡ್ಡಪಟ್ಟಿಯನ್ನು ಕಚ್ಚುವ ಚಟ ಪೂರ್ತಿ ಹೋಗಲಿಲ್ಲವಾದರೂ ಬಹಳಷ್ಟು ತಗ್ಗಿದೆ.

ಪ್ರಮಾಣದ ವಿಷಯದಲ್ಲಿ ಬಲೆಯ ಮೇಲಿನ ಚೀಟಿ ಏನನ್ನೂ ಹೇಳುವುದಿಲ್ಲ, ಇದೊಂದು ಕೊರತೆ. ಕುದುರೆಗೆ ದಿನಕ್ಕೆ ಅದರ ತೂಕದ ಶೇಕಡಾ 1.5ರಿಂದ 2ರಷ್ಟು ಒಣ ಅಂಶ ನಾರಿನ ಮೇವಿನಿಂದಲೇ ಬರಬೇಕು. ಅಂದರೆ 450 ಕಿಲೋ ತೂಗುವ ಕುದುರೆಗೆ ಒಣಹುಲ್ಲಿನ ಲೆಕ್ಕದಲ್ಲಿ ಸುಮಾರು 8ರಿಂದ 10 ಕಿಲೋ. ಹಸಿಮೇವಿನ ಮುಕ್ಕಾಲು ಪಾಲು ನೀರೇ ಆದ್ದರಿಂದ, ಹೊರೆ ದೊಡ್ಡದಾಗಿ ಕಂಡ ಮಾತ್ರಕ್ಕೆ ಲೆಕ್ಕ ತುಂಬಿತೆಂದು ತಿಳಿಯಬಾರದು.

ಶತಮಾನಗಳ ಹಿಂದಿನಿಂದ ಕುದುರೆ ಸಾಕಿದ ಊರಾದ್ದರಿಂದ ಕುಣಿಗಲ್ ಸೀಮೆಯಲ್ಲಿ ಸಲಹೆಗೆ ಬರವಿಲ್ಲ, ಅದರಲ್ಲಿ ಹೆಚ್ಚಿನವು ‘ಹುರುಳಿ ಬೇಯಿಸಿ ಹಾಕಿ’ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ಹುರುಳಿ ಕೆಟ್ಟದ್ದಲ್ಲ, ಆದರೆ ಅದು ಹುಲ್ಲಿನ ಜಾಗವನ್ನು ತುಂಬಲಾರದು. ಇದಕ್ಕಿಂತ ಗಂಭೀರವಾದ ವಿಷಯವೆಂದರೆ, ಹೈನುಗಾರಿಕೆ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುವ ಹಸಿಮೇವು ಎಂದರೆ ನೇಪಿಯರ್ ಹುಲ್ಲು. ಅದರಲ್ಲಿರುವ ಆಕ್ಸಲೇಟ್ ಎಂಬ ಲವಣ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅದನ್ನೇ ನಂಬಿ ಮೇಲಿಂದ ರಂಜಕ ಹೆಚ್ಚಿರುವ ಗೋಧಿ ಬೂಸಾ ಹಾಕುತ್ತ ಹೋದರೆ ಕುದುರೆಯ ಮೂಳೆಯಿಂದಲೇ ಕ್ಯಾಲ್ಸಿಯಂ ಕರಗುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ಕೀಲಿನ ಪುಡಿ ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ನಾವು ಒಣಹುಲ್ಲಿನ ಜೊತೆಗೆ, ಕ್ಯಾಲ್ಸಿಯಂ ಧಾರಾಳವಾಗಿರುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಮಿತವಾಗಿ ಸೇರಿಸುತ್ತೇವೆ. ಹಸುವಿನ ಸಿದ್ಧ ಆಹಾರವನ್ನಂತೂ ಲಾಯದ ಹತ್ತಿರಕ್ಕೂ ತರುವುದಿಲ್ಲ, ಏಕೆಂದರೆ ದನದ ಕೆಲವು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಸ್ವಲ್ಪವೇ ಸೇರಿದರೂ ಕುದುರೆಯ ಹೃದಯಕ್ಕೆ ಮಾರಕ.

ಈಗ ಪುಡಿಯ ಮಾತು. ಡಬ್ಬಿಯ ಮೇಲೆ ಸೂಚಿಸಿದ ಅಳತೆಯಲ್ಲೇ, ನೆನೆಸಿದ ಬೂಸಾದಲ್ಲಿ ಕಲಸಿ ಒಂದೂವರೆ ವರ್ಷ ಕೊಟ್ಟೆವು. ಮೊದಲ ಕೆಲವು ತಿಂಗಳಲ್ಲಿ ನಡಿಗೆ ಚೆನ್ನಾಗಿ ಸುಧಾರಿಸಿತು, ಆದರೆ ಆ ಶ್ರೇಯಸ್ಸನ್ನು ಪುಡಿಗೇ ಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಅದೇ ಹೊತ್ತಿಗೆ ಕುದುರೆಯನ್ನು ಲಾಯದಿಂದ ಹೊರಗೆ ತಂದಿದ್ದೆವು. ತೆಂಗಿನ ತೋಟದ ಸುತ್ತ ಎರಡು ಬೇಲಿಗಳ ನಡುವೆ ಹನ್ನೆರಡು ಅಡಿ ಅಗಲದ ದಾರಿ ಬಿಟ್ಟು, ಒಂದು ತುದಿಯಲ್ಲಿ ನೀರಿನ ತೊಟ್ಟಿ, ಮತ್ತೊಂದು ತುದಿಯಲ್ಲಿ ಉಪ್ಪಿನ ಗಟ್ಟಿ, ನಡುವೆ ಅಲ್ಲಲ್ಲಿ ಬಲೆಗಳನ್ನು ಇಟ್ಟಿದ್ದರಿಂದ, ಅದು ಯಾರೂ ಹಗ್ಗ ಹಿಡಿದು ನಡೆಸದೆ ದಿನವಿಡೀ ತಾನೇ ಓಡಾಡತೊಡಗಿತು. ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದಿಸಿರುವ ಮೆತ್ತನೆಯ ಪದರಕ್ಕೆ, ಅಂದರೆ ಮೃದ್ವಸ್ಥಿಗೆ, ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಅದು ಸ್ಪಂಜಿನಂತೆ ಹಿಂಡಿಕೊಂಡು, ಕಾಲು ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಂಡು ಪೋಷಣೆ ಪಡೆಯುತ್ತದೆ. ರಾತ್ರಿಯಿಡೀ ಕಟ್ಟಿದಾಗ ಬೆಳಿಗ್ಗೆ ಕಾಣುತ್ತಿದ್ದ ಕಾಲಿನ ಬಾವು ಬಹುಮಟ್ಟಿಗೆ ಹೋದದ್ದೂ ಈ ನಡಿಗೆಯಿಂದಲೇ. ಬಾಯಿಯ ಮೂಲಕ ಕೊಟ್ಟ ಗ್ಲುಕೋಸಮೈನ್‌ನಲ್ಲಿ ಅಲ್ಪ ಭಾಗ ಮಾತ್ರ ಕುದುರೆಯ ರಕ್ತಕ್ಕೆ ಸೇರುತ್ತದೆ, ಅದರ ಪರಿಣಾಮದ ಬಗ್ಗೆ ದೊರೆತಿರುವ ಪುರಾವೆಯೂ ಗಟ್ಟಿಯಾಗಿಲ್ಲ. ಪಶುವೈದ್ಯರ ಒಪ್ಪಿಗೆ ಪಡೆದು ಪುಡಿಯನ್ನು ಮಾತ್ರ ನಿಲ್ಲಿಸಿ, ಮೇವು, ದಾರಿ, ಆರೇಳು ವಾರಕ್ಕೊಮ್ಮೆ ಗೊರಸು ಸವರುವುದು ಇವೆಲ್ಲವನ್ನೂ ಹಾಗೆಯೇ ಮುಂದುವರಿಸಿದಾಗ ನಡಿಗೆಯಲ್ಲಿ ನಮಗೆ ಯಾವ ಇಳಿತವೂ ಕಾಣಲಿಲ್ಲ. ಬೇರೆ ಕುದುರೆಯಲ್ಲಿ ಫಲ ಬೇರೆಯಾಗಬಹುದು. ನಮ್ಮ ಮಟ್ಟಿಗೆ, ಒಂದು ತಿಂಗಳ ಡಬ್ಬಿಯ ಹಣದಲ್ಲಿ ಎರಡು ಬಲೆಗಳು ಬರುತ್ತವೆ.

ಬಲೆಯ ದೋಷಗಳನ್ನೂ ಹೇಳಬೇಕು. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ನೈಲಾನ್ ಪೆಡಸಾಗಿ ಒಂದು ವರ್ಷದೊಳಗೇ ಎಳೆ ಬಿಡುತ್ತದೆ. ಕೆರೆಯಲ್ಲಿ ಮೀನು ಹಿಡಿಯುವವರು ಬಳಸುವ ದಾರದಿಂದ ಹೆಣೆದರೆ ಇನ್ನೊಂದು ಹಂಗಾಮು ದೂಡಬಹುದು. ಗಂಟು ಹಾಕಿ ಹೆಣೆದ ಬಲೆ ಒಸಡಿಗೆ ಉಜ್ಜುತ್ತದೆ, ಗಂಟಿಲ್ಲದ್ದಕ್ಕೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು. ತಲೆ ತಗ್ಗಿಸಿ ಮೇಯುವುದು ಕುದುರೆಗೆ ಸಹಜವಾದ್ದರಿಂದ ಬಲೆ ಕೆಳಗಿದ್ದಷ್ಟೂ ಒಳ್ಳೆಯದೇ, ಆದರೆ ಲಾಳ ಕಟ್ಟಿದ ಕುದುರೆಯಾದರೆ ಲಾಳದ ಅಂಚು ಬಲೆಗೆ ಸಿಕ್ಕಿಕೊಂಡು ಗಾಬರಿಯಲ್ಲಿ ಕಾಲು ಮುರಿದುಕೊಳ್ಳಬಹುದು. ನಮ್ಮದಕ್ಕೆ ಲಾಳವಿಲ್ಲ, ಆದರೂ ಬಲೆಯನ್ನು ಎತ್ತರದ ಅಂಚಿನ ಮರದ ಪೆಟ್ಟಿಗೆಯೊಳಗೆ ಬಿಗಿದಿದ್ದೇವೆ. ಮಳೆಗಾಲದಲ್ಲಿ ಒದ್ದೆಯಾಗಿ ಬೂಷ್ಟು ಹಿಡಿದ ಹುಲ್ಲನ್ನು ಬಲೆಯಿಂದ ತೆಗೆದು ಎಸೆಯಲೇಬೇಕು, ದನ ತಾಳಿಕೊಳ್ಳುವ ಬೂಷ್ಟನ್ನು ಕುದುರೆ ತಾಳದು. ಹಲ್ಲು ಸವೆದ ಮುದಿ ಕುದುರೆಗಳಿಗೆ ಈ ಬಲೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅವಕ್ಕೆ ಕತ್ತರಿಸಿ ನೆನೆಸಿದ ಮೇವನ್ನು ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡುವುದೇ ಸರಿ.