ಕನಕಾಂಬರವೋ, ದುಂಡುಮಲ್ಲಿಗೆಯೋ?

ಚಿಂತಾಮಣಿ ಕಡೆ ಹತ್ತು ಗುಂಟೆ ಜಾಗ ಇದೆ, ಯಾವ ಹೂ ಹಾಕಲಿ ಅಂತ ಅಕ್ಕನ ಮಗ ಕೇಳಿದ.

ಘಮ ಬೇಕಂದ್ರೆ ಮಲ್ಲಿಗೆಯೇ. ಕನಕಾಂಬರಕ್ಕೆ ವಾಸನೆಯೇ ಇಲ್ಲ. ಆದರೆ ಮಲ್ಲಿಗೆ ಮೊಗ್ಗನ್ನು ನಸುಕಿನಲ್ಲೇ ಕೀಳಬೇಕು, ಸಂಜೆಗೆ ಅರಳಿ ಮರುದಿನ ಬಾಡುತ್ತದೆ. ಕನಕಾಂಬರ ಕಿತ್ತ ಮೇಲೂ ಒಂದೆರಡು ದಿನ ಬಣ್ಣ ಬಿಡುವುದಿಲ್ಲ. ದಿನ ಬಿಟ್ಟು ದಿನ ಕಿತ್ತರೆ ಸಾಕು. ಹಗುರ ಹೂ, ಬುಟ್ಟಿ ತುಂಬಿದರೂ ತಕ್ಕಡಿ ಏಳುವುದಿಲ್ಲ, ಅದೇ ಬೇಜಾರು.

ಮಲ್ಲಿಗೆ ಸುಗ್ಗಿ ಬೇಸಿಗೆಗೆ. ನಮ್ಮ ಚಳಿಗೆ ಸುಮ್ನೆ ನಿಂತುಬಿಡುತ್ತದೆ, ಆಗ ಸವರಿ ಗೊಬ್ಬರ ಕೊಡಬೇಕು. ಒಮ್ಮೆ ನೆಟ್ಟರೆ ಹತ್ತು ವರ್ಷ ಚಿಂತೆಯಿಲ್ಲ. ಕನಕಾಂಬರ ಹೆಚ್ಚುಕಡಿಮೆ ವರ್ಷಪೂರ್ತಿ ಬಿಡುತ್ತದೆ, ಅರೆನೆರಳೂ ಆದೀತು. ಗಿಡ ಮಾತ್ರ ಎರಡು ಮೂರು ವರ್ಷಕ್ಕೇ ಸೋಲುತ್ತದೆ. ಬೇರಿಗೆ ಜಂತುಹುಳು ಜಾಸ್ತಿ. ಸೊರಗಿದ ಗಿಡ ಕಿತ್ತು ನೋಡಿ, ಬೇರಿನಲ್ಲಿ ಗಂಟು ಕಾಣುತ್ತದೆ. ಬೇವಿನ ಹಿಂಡಿ ಹಾಕಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಸಸಿ. ಊರ ತಳಿಯ ಒಣ ತೆನೆಗೆ ನೀರು ಚಿಮುಕಿಸಿದರೆ ಬೀಜ ಪಟಪಟ ಸಿಡಿಯುತ್ತದೆ, ಮಕ್ಕಳಿಗೆ ಅದೇ ಪಟಾಕಿ!

ನಸುಕಿಗೆ ಏಳಲು ಆಳಿಲ್ಲದ ಅವನಿಗೆ ಕನಕಾಂಬರ ಹಾಕು ಅಂದೆ. ಬೇಲಿ ಪಕ್ಕ ಅವನಮ್ಮನಿಗೆ ಅಂತ ನಾಲ್ಕು ಮಲ್ಲಿಗೆ ಬುಡ.