ಬಂದೂಕಿಗೆ ಮರದ ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯುವ ಭಾಗ) ಸಾಕಾ, ಅಡ್ಜಸ್ಟಬಲ್ ಬೇಕಾ?

ನಿಂತು ಮಾತ್ರ ಗುಂಡು ಹೊಡೆಯುತ್ತೀರಾ, ಮಲಗಿಯೂ ಹೊಡೆಯುತ್ತೀರಾ? ಮೊದಲು ಅದನ್ನು ಹೇಳಿ. ಮಲಗಿದರೆ ತಲೆ ಮುಂದಕ್ಕೆ ಬರುತ್ತದೆ, ಕಣ್ಣು ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನಿಗೆ) ಹತ್ತಿರವಾಗುತ್ತದೆ. ನಿಂತಾಗ ತಲೆ ನೇರ, ಸ್ವಲ್ಪ ಹಿಂದೆ. ಸಾಮಾನ್ಯ ಸ್ಕೋಪ್‌ಗೆ ಕಣ್ಣು 3ರಿಂದ 4 ಇಂಚು ದೂರ ಇರಬೇಕು, ಇಲ್ಲದಿದ್ದರೆ ಅಂಚಲ್ಲಿ ಕಪ್ಪು ನೆರಳು. ಮರದ ಸ್ಟಾಕ್‌ನಲ್ಲಿ ಒಂದು ಭಂಗಿಗೆ ಸ್ಕೋಪ್ ಕೂರಿಸಿದರೆ ಇನ್ನೊಂದಕ್ಕೆ ರಾಜಿಯೇ ಗತಿ.

ಆದರೆ ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್‌ನ ತೆಂಗಿನಕಾಯಿಗೆ ನಿಂತೇ ಗುರಿ ಇಡುವುದಾದರೆ ಸುಮ್ನೆ ಖರ್ಚು ಯಾಕೆ? ಕೆನ್ನೆ ಸ್ಟಾಕ್‌ಗೆ ಕೂರದಿದ್ದರೆ ಫೋಮ್ ಪ್ಯಾಡ್ ಕಟ್ಟಿ, ಸಾಕು.

ಅಡ್ಜಸ್ಟಬಲ್‌ನಲ್ಲಿ ಕೆನ್ನೆ ಇಡುವ ಜಾಗದ ಎತ್ತರ, ಬಟ್ (ಭುಜಕ್ಕೆ ತಾಗುವ ತುದಿ) ಉದ್ದ ಎರಡೂ ಬದಲಾಗುತ್ತವೆ. ಬೆಲೆ, ತೂಕ ಜಾಸ್ತಿ. ನಮ್ಮ ಮಳೆಗಾಲಕ್ಕೆ ಅದರ ಸ್ಕ್ರೂ ತುಕ್ಕು ಹಿಡಿಯುತ್ತದೆ. ಮರವೂ ಉಬ್ಬುತ್ತದೆ ಬಿಡಿ. ಶೂಟಿಂಗ್ ರೇಂಜ್‌ನಲ್ಲಿ ನಿಂತು, ಮಂಡಿಯೂರಿ, ಮಲಗಿ ಹೊಡೆಯುವವರಿಗೆ ಅಡ್ಜಸ್ಟಬಲ್ ಸ್ಟಾಕೇ ಸರಿ. ಒಂದೊಂದು ಭಂಗಿಗೂ ಟೇಪಿನ ಗುರುತು ಹಾಕಿಕೊಳ್ಳಿ. ಅಳತೆ ನೋಡುವಾಗ ಬಂದೂಕು ಖಾಲಿ ಇರಲಿ.