ವಾರ್ಡ್ ಸಭೆಗೆ ಹೋಗುವುದೋ, ಮುಡಾಕ್ಕೆ ಬರೆಯುವುದೋ?

ಮಂಗಳೂರಿನಲ್ಲಿ ನಿಮ್ಮ ಕೇರಿಯ ಅಭಿವೃದ್ಧಿಯ ಬಗ್ಗೆ ಮಾತಾಡಬೇಕೆಂದರೆ ಮುಖ್ಯವಾಗಿ ಎರಡು ದಾರಿ: ಪಾಲಿಕೆಯ 60 ವಾರ್ಡ್‌ಗಳಲ್ಲಿ ನಿಮ್ಮ ವಾರ್ಡ್‌ನ ಸಮಿತಿಯ ಸಭೆ, ಇಲ್ಲವೇ ಮುಡಾದ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವುದಕ್ಕೆಂದು ಗೊತ್ತುಮಾಡುವ ನಗರ ಯೋಜನೆಯ ಕರಡಿಗೆ ಲಿಖಿತ ಆಕ್ಷೇಪಣೆ.

ತೋಡಿನ ಹೂಳು, ಒಡೆದ ಸ್ಲ್ಯಾಬ್, ಉರಿಯದ ಬೀದಿದೀಪಕ್ಕೆ ವಾರ್ಡ್ ಸಮಿತಿಯೇ ಸರಿ. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು ಇರಲೇಬೇಕೆಂದು ಕಾನೂನು. ನನ್ನ ಮಟ್ಟಿಗೆ ಇದು ದೊಡ್ಡ ವಿಷಯ. ಆಟಿ ತಿಂಗಳ ಮಳೆಗೆ ನೀರು ಹೊಸ್ತಿಲು ದಾಟಿದಾಗ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸುವವರು ಹೆಂಗಸರೇ. ನಮ್ಮ ಓಣಿಯಲ್ಲಿ ನೀರು ಎಲ್ಲಿ ಕಟ್ಟಿಕೊಳ್ಳುತ್ತದೆಂದು ಎಂಜಿನಿಯರಿಗೆ ಬೆರಳಿಟ್ಟು ತೋರಿಸಿದ್ದೂ ಬೀಡಿ ಕಟ್ಟುವ ಪಕ್ಕದ ಮನೆಯ ಅಕ್ಕ.

ಆದರೆ ಬೈಲಿನ ಗದ್ದೆ ವಸತಿ ವಲಯವಾಗುವುದು, ರಸ್ತೆ ಅಗಲವಾಗಿ ಅಂಗಳ ಹೋಗುವುದು ವಾರ್ಡ್ ಸಭೆಯ ಕೈಯಲ್ಲಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮುಡಾ ಮಾಸ್ಟರ್ ಪ್ಲಾನಿನ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಇಲ್ಲಿ ಬಾಯಿಮಾತು ಸಾಲದು. ಸರ್ವೆ ನಂಬರ್ ಸಮೇತ ಬರೆದು, ಗಡುವಿನೊಳಗೆ ಕೊಟ್ಟು, ಸ್ವೀಕೃತಿ ಪಡೆಯಿರಿ.

ಕರಡು ಹೊರಬಿದ್ದಿದ್ದರೆ ಮೊದಲು ಮುಡಾ. ಇಲ್ಲದಿದ್ದರೆ ಏಪ್ರಿಲಿನಲ್ಲೇ, ಮಳೆ ಹಿಡಿಯುವ ಮುಂಚೆ, ನಾಲ್ಕು ನೆರೆಮನೆಯವರನ್ನು ಕರೆದುಕೊಂಡು ವಾರ್ಡ್ ಸಭೆಗೆ ಹೋಗಿ.